ಹಾಡಿನ ಋಣವೂ ದರೋಜಿಯ ಮೇಳವೂ

1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಕೆಲಸವನ್ನು ಅರಸಿ ತೆಲುಗು ಸೀಮೆಯಿಂದಲೂ ತಮಿಳು ಸೀಮೆಯಿಂದಲೂ ಕನ್ನಡ ನಾಡಿನ ಬೇರೆ ಬೇರೆ ಕಡೆಗಳಿಂದಲೂ ಬಂದು, ಕೆಲಸ ಮುಗಿದ ಮೇಲೆಯೂ ಹಿಂದಿರುಗದೆ ಇಲ್ಲಿಯೇ ಉಳಿದುಬಿಟ್ಟ ಅನೇಕ ಮನೆತನಗಳ ಮೊಮ್ಮಕ್ಕಳು ಈಗ ಟಿ.ಬಿ. ಡ್ಯಾಮಿನ ಕಾಲೊನಿಗಳಲ್ಲಿ ಬೆಳೆದು ನಿಂತಿದ್ದಾರೆ. ಅಂತಹ ಹುಡುಗರಲ್ಲಿ ನಾಲ್ವರು, ನಾನು ಸಂಜೆ ಗಾಳಿಗೆ ಕೂರುವ ಜಾಗದ ಸಮೀಪದಲ್ಲಿಯೇ ಒಂದು ಗಿಟಾರನ್ನು ಕೈಯಿಂದ ಕೈಗೆ ಸಾಗಿಸುತ್ತ, ರೇಡಿಯೋಹೆಡ್ ಎಂಬ ಆಂಗ್ಲ ವಾದ್ಯಮೇಳದ ‘ಕ್ರೀಪ್’ ಎಂಬ ಪ್ರಸಿದ್ಧ ಹಾಡನ್ನು ಬಹು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದರು. ಅವರ ಶ್ರದ್ಧೆಯನ್ನು ನಾನು ಮೆಚ್ಚಿದೆನೆಂದು ತಿಳಿದ ಬಳಿಕ ಅವರಲ್ಲೊಬ್ಬನು ಹತ್ತಿರ ಬಂದು ಕುಳಿತು, “ನಮ್ ಕಡೆ ಒಂದ್ ಬ್ಯಾಂಡಾದ್ರೂ ಹುಟ್ಲಿಲ್ಲ ನೋಡು ತಾತ, ಎಲ್ಲಾ ಬೆಂಗ್ಳೂರು ಮೈಸೂರಾಗೇ” ಎಂದು ನಿಜವಾದ ವ್ಯಥೆಯಿಂದ ಹೇಳಿದನು. ನನಗೆ ಆಗ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ರಾತ್ರಿ ಊಟಕ್ಕೆ ಕುಳಿತಾಗ, ಆ ಹುಡುಗನ ಮಾತು ಸರಿಯಲ್ಲವೆಂದೂ, ನಮ್ಮ ಕಡೆ ಒಂದು ಮೇಳ ಹುಟ್ಟಿತ್ತೆಂದೂ, ಅದರ ಹೆಸರು ಅವನ ಕಿವಿಗೆ ಬೀಳದಂತೆ ನಡೆದುಕೊಂಡವರಲ್ಲಿ ನಾನೂ ಒಬ್ಬನೆಂದೂ ಅರಿವಾಯಿತು. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವನ ಪ್ರೀತಿಯ ಆಂಗ್ಲ ಮೇಳದ ವಿಚಾರವನ್ನೇ ನೋಡೋಣ. ಏಕೆಂದರೆ ನಾನು ಹೇಳಬೇಕಾದ ಮಾತಿಗೆ ಆ ಮೇಳದ ಚರಿತ್ರೆಯೇ ಒಳ್ಳೆಯ ಪೀಠಿಕೆಯಾಗುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯಲ್ಲಿ ಅಬಿಂಗ್ಡನ್ ಎಂಬ ಊರುಂಟು. ಅಲ್ಲಿಯ ಶಾಲೆಯೊಂದರಲ್ಲಿ ಓದುತ್ತಿದ್ದ ಟಾಮ್ ಯಾರ್ಕ್, ಕಾಲಿನ್ ಮತ್ತು ಜಾನಿ ಗ್ರೀನ್‌ವುಡ್ ಸಹೋದರರು, ಎಡ್ ಒ’ಬ್ರಯನ್, ಫಿಲ್ ಸೆಲ್ವೆ ಎಂಬ ಐವರು ಹುಡುಗರು 1985ರ ಸುಮಾರಿನಲ್ಲಿ ಶಾಲೆಯ ಸಂಗೀತದ ಕೋಣೆಯಲ್ಲಿ ಶುಕ್ರವಾರ ಶುಕ್ರವಾರ ಕೂಡಿ ಅಭ್ಯಾಸ ಮಾಡುತ್ತಿದ್ದುದರಿಂದ ತಮ್ಮ ಕೂಟಕ್ಕೆ ‘ಶುಕ್ರವಾರದಂದು’ ಎಂಬರ್ಥದ ಹೆಸರನ್ನೇ ಇಟ್ಟುಕೊಂಡಿದ್ದರು. 1991ರಲ್ಲಿ ದೊಡ್ಡ ಧ್ವನಿಮುದ್ರಣ ಕಂಪನಿಯೊಂದು ಅವರನ್ನು ಸೇರಿಸಿಕೊಂಡಿತು, ಹೆಸರು ಬದಲಾಗಬೇಕಾಯಿತು. ಆಗ ಅವರು ಹೊಸ ಹೆಸರನ್ನು ತಮ್ಮ ಬುದ್ಧಿಯಿಂದ ಸೃಷ್ಟಿಸಲಿಲ್ಲ. ತಾವು ಗುರುಸ್ಥಾನದಲ್ಲಿರಿಸಿದ್ದ ಟಾಕಿಂಗ್ ಹೆಡ್ಸ್ ಎಂಬ ಅಮೆರಿಕದ ಮೇಳವು 1986ರಲ್ಲಿ ಹಾಡಿದ್ದ ಒಂದು ಗೀತೆಯ ಶೀರ್ಷಿಕೆಯನ್ನೇ ಎತ್ತಿಕೊಂಡು ತಮ್ಮ ನೆತ್ತಿಯ ಮೇಲಿರಿಸಿಕೊಂಡರು. ಗುರುವಿನಿಂದ ಬಂದ ಅಂಕಿತವನ್ನು ಶಿಷ್ಯನು ಧರಿಸುವ ಪದ್ಧತಿ ನಮ್ಮ ದಾಸಕೂಟಕ್ಕೆ ಮಾತ್ರ ಮೀಸಲೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಅಷ್ಟು ಸರಿಯಲ್ಲವೆಂದು ಈ ಸಂಗತಿಯಿಂದ ತಿಳಿಯಿತು.

ಮೇಳವು ಕೇಳಿ ಕಲಿತದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಆರಂಭದಲ್ಲಿ ಪಿಕ್ಸೀಸ್ ಎಂಬ ಅಮೆರಿಕದ ಮೇಳದಿಂದ ಮಂದ್ರವೂ ಅಬ್ಬರವೂ ಒಂದರ ಬೆನ್ನಿಗೊಂದು ಬರುವ ಕ್ರಮವನ್ನು ಕಲಿತರು. 1997ರ ‘ಓಕೆ ಕಂಪ್ಯೂಟರ್’ ಎಂಬ ಸಂಪುಟದಿಂದ ಲೋಕವಿಖ್ಯಾತರಾದ ಮೇಲೆ, ಅದೇ ಜಾಡಿನಲ್ಲಿ ಇನ್ನೊಂದನ್ನು ಮಾಡಿ ಹಣ ಗಳಿಸುವುದು ಸುಲಭವಾಗಿದ್ದ ಕಾಲದಲ್ಲಿ, ಗಿಟಾರನ್ನು ಬಹುಮಟ್ಟಿಗೆ ಬದಿಗಿರಿಸಿ, ವಿದ್ಯುದ್ಯಂತ್ರಗಳಿಂದ ನಾದ ಹುಟ್ಟಿಸುವವರ ಕಡೆಗೂ ಜಾಸ್ ವಾದಕರ ಕಡೆಗೂ ತಿರುಗಿ, 2000ದಲ್ಲಿ ‘ಕಿಡ್ ಎ’ ಎಂಬ ವಿಲಕ್ಷಣವಾದ ಸಂಪುಟವನ್ನು ಹೊರತಂದರು. ಒಲಿವಿಯೆ ಮೆಸಿಯಾನ್ ಎಂಬ ಫ್ರೆಂಚ್ ವಾಗ್ಗೇಯಕಾರನ ಕೃತಿಯನ್ನು ಹದಿಹರೆಯದಲ್ಲಿ ಕೇಳಿ ಮರುಳಾಗಿದ್ದ ಜಾನಿ ಗ್ರೀನ್‌ವುಡ್ಡನು, ಆ ಕೃತಿಯಲ್ಲಿ ಬಳಕೆಯಾಗಿದ್ದ, 1928ರಲ್ಲಿ ರೂಪುಗೊಂಡ ಓಂದ್ ಮಾರ್ತನೋ ಎಂಬ ಅಪರೂಪದ ವಾದ್ಯವನ್ನು ಹುಡುಕಿ ತಂದು ತನ್ನ ಮೇಳದಲ್ಲಿ ನುಡಿಸಿದನು. 2015ರಲ್ಲಿ ಆತನೇ ಜೋಧಪುರದ ಮೆಹ್ರಾನ್‌ಗಢ ಕೋಟೆಗೆ ಬಂದು, ಶಾಯ್ ಬೆನ್ ತ್ಸೂರ್ ಎಂಬ ಗಾಯಕನೊಡನೆಯೂ ರಾಜಸ್ಥಾನದ ಮಾಂಗಣಿಯಾರ್ ಗಾಯಕರು, ಕವ್ವಾಲರು, ಬ್ಯಾಂಡಿನ ಊದುವಾದ್ಯದವರು ಇವರೆಲ್ಲರೊಡನೆಯೂ ನೆಲದ ಮೇಲೆ ಕುಳಿತು ‘ಜುನೂನ್’ ಎಂಬ ಸಂಪುಟವನ್ನು ಮುದ್ರಿಸಿದನು. ಅದರ ಮುಖಪುಟದಲ್ಲಿ ಆತನ ಹೆಸರಿನ ಜತೆಗೆ ಆ ಮರುಭೂಮಿಯ ಗಾಯಕವಾದಕರ ಮೇಳದ ಹೆಸರೂ ಇದೆ. ಅದನ್ನು ನಾನು ವಿಶೇಷವಾಗಿ ಗಮನಿಸಿದೆ.

ಇನ್ನು ನಮ್ಮ ಹುಡುಗರು ನುಡಿಸುತ್ತಿದ್ದ ‘ಕ್ರೀಪ್’ ಹಾಡಿನ ಸಂಗತಿ. 1992ರಲ್ಲಿ ಅದು ಹೊರಬಿದ್ದ ಮೇಲೆ, ಅದರ ಸ್ವರಗತಿಯೂ ರಾಗದ ಒಂದು ಭಾಗವೂ ಆಲ್ಬರ್ಟ್ ಹ್ಯಾಮಂಡ್, ಮೈಕ್ ಹೇಜಲ್‌ವುಡ್ ಎಂಬಿಬ್ಬರು ರಚಿಸಿದ್ದ, 1974ರಲ್ಲಿ ಹಾಲೀಸ್ ಎಂಬ ಆಂಗ್ಲ ಮೇಳವು ಹಾಡಿ ಮನೆಮಾತಾಗಿಸಿದ್ದ ಹಳೆಯ ಗೀತೆಯೊಂದನ್ನು ಹೋಲುತ್ತದೆಂದು ಆ ಗೀತೆಯ ಹಕ್ಕುದಾರರು ತಗಾದೆ ತೆಗೆದರು. ರೇಡಿಯೋಹೆಡ್ಡಿನವರು ಹೋಲಿಕೆಯನ್ನು ಒಪ್ಪಿಕೊಂಡರು. ಅಂದಿನಿಂದ ಆ ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಹ್ಯಾಮಂಡ್, ಹೇಜಲ್‌ವುಡ್ ಇಬ್ಬರ ಹೆಸರುಗಳೂ ಸೇರಿವೆ. ಗೌರವಧನದಲ್ಲಿಯೂ ಅವರಿಗೆ ಪಾಲುಂಟು. ಕಾನೂನಿನ ಒತ್ತಾಯದಿಂದ ತೀರಿದ ಋಣವಿದು ಎಂದು ಯಾರಾದರೂ ಹೇಳಬಹುದು, ಹೌದು. ಆದರೂ ಋಣವೊಂದು ಕಾಗದದ ಮೇಲೆ ಬಂತು, ಋಣಿಗಳು ಅದನ್ನು ಮರೆಮಾಚಲಿಲ್ಲ, ಹಾಡಿನ ಕೀರ್ತಿಗೂ ಅದರಿಂದ ಕುಂದುಂಟಾಗಲಿಲ್ಲ. ಮೂವತ್ತು ವರ್ಷಗಳ ನಂತರವೂ ತುಂಗಭದ್ರೆಯ ದಡದಲ್ಲಿ ನಾಲ್ವರು ಹುಡುಗರು ಅದನ್ನು ನುಡಿಸುತ್ತಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ರೇಡಿಯೋಹೆಡ್ಡಿನ 1995ರ ‘ದಿ ಬೆಂಡ್ಸ್’ ಸಂಪುಟವನ್ನು ರೂಪಿಸಿದ ಜಾನ್ ಲೆಕಿ ಎಂಬ ಅನುಭವಿ, 2009ರ ಸುಮಾರಿನಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಒಂದು ಯೋಜನೆಯ ಮೂಲಕ ಭಾರತದ ಕೆಲವು ಹೊಸ ಮೇಳಗಳ ಹಾಡುಗಳನ್ನು ಮುದ್ರಿಸಿದನು. ಅವುಗಳಲ್ಲಿ ನಮ್ಮ ಸ್ವರಾತ್ಮ ಮೇಳವೂ ಒಂದು. ಆ ಮೇಳದ ಗಾಯಕ ವಾಸು ದೀಕ್ಷಿತರು ಹಿಂದಿಯ ಜತೆಗೆ ಕನ್ನಡದಲ್ಲಿಯೂ ಹಾಡುತ್ತ ಬಂದವರು. ಅವರ ಅಣ್ಣ ರಘು ದೀಕ್ಷಿತರ ಮೇಳವಂತೂ 2008ರ ತನ್ನ ಮೊದಲ ಸಂಪುಟದಲ್ಲಿಯೇ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ಗಿಟಾರು ಪಿಟೀಲು ಡ್ರಮ್ಮುಗಳ ನಡುವೆ ನಿಲ್ಲಿಸಿ, 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲಂಡರ ಪ್ರಸಿದ್ಧ ಸಂಗೀತ ಕಾರ್ಯಕ್ರಮಕ್ಕೂ 2011ರಲ್ಲಿ ಗ್ಲಾಸ್ಟನ್‌ಬರಿಯ ಮಹಾಮೇಳಕ್ಕೂ ಕೊಂಡೊಯ್ದಿತು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳು ಹಳ್ಳಿಯ ಭಜನೆಯ ಮನೆಗಳಿಂದ ಪೇಟೆಯ ಕಿವಿಗಳಿಗೆ ಬಂದುದಕ್ಕೆ ಸಿ. ಅಶ್ವಥ್ ಅವರ ಕಂಠವೂ, 1990ರಲ್ಲಿ ನಾಗಾಭರಣರು ನಿರ್ದೇಶಿಸಿ ಅಶ್ವಥ್ ಅವರೇ ಸಂಗೀತ ನೀಡಿದ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಹುಮಟ್ಟಿಗೆ ಕಾರಣ. ಗೋವಿಂದಭಟ್ಟರಿಂದ ಶರೀಫರಿಗೆ, ಶರೀಫರಿಂದ ಹೆಸರಿಲ್ಲದ ಭಜನೆಯವರಿಗೆ, ಅವರಿಂದ ಅಶ್ವಥರಿಗೆ, ಅಶ್ವಥರಿಂದ ದೀಕ್ಷಿತರಿಗೆ ಸಾಗಿ ಬಂದ ಈ ಪರಂಪರೆಯಲ್ಲಿ ಹೆಸರಿಲ್ಲದ ಆ ಭಜನೆಯವರನ್ನು ಬಿಟ್ಟು ಉಳಿದವರೆಲ್ಲರ ಹೆಸರುಗಳೂ ನಮಗೆ ಗೊತ್ತಿವೆ. ಶರೀಫರ ಹೆಸರು ಗೊತ್ತಿರುವುದಕ್ಕೆ ಒಂದು ಕಾರಣ, ಅವರು ಪ್ರತಿ ಪದದ ಕೊನೆಗೂ ಶಿಶುನಾಳಾಧೀಶನ ಅಂಕಿತವನ್ನು ಹೊಲಿದಿಟ್ಟಿರುವುದು. ಯಾರು ಹಾಡಲಿ, ಯಾವ ವಾದ್ಯದೊಡನೆ ಹಾಡಲಿ, ಅಂಕಿತದ ಜಾಗ ಬಂದಾಗ ಬಾಯಿ ತಾನಾಗಿಯೇ ಋಣವನ್ನು ಉಚ್ಚರಿಸುತ್ತದೆ.

ಈ ಅಂಕಿತವೆಂಬುದು ಎಷ್ಟು ದೊಡ್ಡ ಉಪಾಯವೆಂಬುದನ್ನು ಅರಿಯಲು ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯದ ಸಮೀಪದಲ್ಲಿ, ನದಿಯ ಅಂಚಿಗೆ ಪುರಂದರದಾಸರ ಮಂಟಪವಿದೆ. ನಮ್ಮ ಡ್ಯಾಮಿಗೆ ಒಳಹರಿವು ಹೆಚ್ಚಿ, ಮೂವತ್ತಮೂರು ಗೇಟುಗಳಲ್ಲಿ ಹಲವನ್ನು ಎತ್ತಿ ನದಿಗೆ ನೀರು ಬಿಟ್ಟ ದಿನಗಳಲ್ಲಿ ಆ ಮಂಟಪ ಮುಳುಗುತ್ತದೆ. ನೀರಿಳಿದ ಮೇಲೆ ಕೆಸರು ಮೆತ್ತಿದ ಕಂಬಗಳೊಡನೆ ಮತ್ತೆ ತಲೆಯೆತ್ತುತ್ತದೆ. ದಾಸರು 1564ರಲ್ಲಿ ತೀರಿಕೊಂಡರು. ಮರುವರ್ಷವೇ ರಕ್ಕಸತಂಗಡಿಯ ಯುದ್ಧವಾಗಿ ರಾಜಧಾನಿಯೇ ಹಾಳಾಯಿತು. ಅಷ್ಟು ದೊಡ್ಡ ಪಟ್ಟಣದ ಅರಮನೆಗಳು ತಳಪಾಯವಷ್ಟೇ ಉಳಿದು ಹೋದರೂ, ಪುರಂದರವಿಠಲ ಎಂಬ ಎರಡು ಮಾತಿನ ಅಂಕಿತವು ತಂಜಾವೂರಿಗೂ ಮದರಾಸಿಗೂ ಹೋಗಿ ಬದುಕಿಕೊಂಡಿತು. ಸಂಗೀತ ಕಲಿಯುವ ಮಕ್ಕಳು ಇಂದಿಗೂ ದಾಸರು ಕ್ರಮಗೊಳಿಸಿದರೆನ್ನುವ ಪಾಠಗಳಿಂದಲೇ ಕಲಿಕೆಯನ್ನು ಆರಂಭಿಸುವರು.

ಆದರೆ ಎಲ್ಲ ಗಾಯಕರಿಗೂ ಅಂಕಿತವಿರಲಿಲ್ಲ. ನನ್ನ ಮಾತಿನ ಮುಖ್ಯ ಭಾಗ ಈಗ ಬರುತ್ತಿದೆ.

ಸಂಡೂರು ತಾಲ್ಲೂಕಿನಲ್ಲಿ ದರೋಜಿ ಎಂಬ ಊರು. ಹೊರಗಿನವರಿಗೆ ಅದು 1994ರಲ್ಲಿ ಸ್ಥಾಪಿತವಾದ ಕರಡಿಧಾಮದಿಂದ ಪರಿಚಿತ. ನಮಗೆ ಅದರ ಕೆರೆಯಿಂದಲೂ ಪರಿಚಿತ. ಆ ಊರಿನಲ್ಲಿ 1930ರಲ್ಲಿ ಹುಟ್ಟಿದ ಈರಮ್ಮ, ಅಲೆಮಾರಿಗಳಾದ ಬುಡ್ಗ ಜಂಗಮರ ಕುಲದವರು. ಮನೆಯ ಮಾತು ತೆಲುಗು. ಹಾಡಿದ ಮಾತು ಕನ್ನಡ. ಅಕ್ಷರ ಕಲಿಯಲಿಲ್ಲ. ಹನ್ನೆರಡರ ವಯಸ್ಸಿನ ಸುಮಾರಿಗೆ ತಂದೆ ಲಾಲಪ್ಪನವರಿಂದ ಬುರ್ರಕಥೆಯನ್ನು ಕಲಿಯತೊಡಗಿ, ಮುಂದೆ ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಇವರನ್ನು ಜತೆಗೆ ಕಟ್ಟಿಕೊಂಡು, ಊರೂರು ಅಲೆಯುತ್ತ, ಅಂಗಳಗಳಲ್ಲಿಯೂ ಗುಡಿಕಟ್ಟೆಗಳ ಬಳಿಯಲ್ಲಿಯೂ ರಾತ್ರಿಗಳನ್ನು ಬೆಳಗು ಮಾಡಿದರು. ಆ ಹುಡುಗನು ಹುಡುಕುತ್ತಿದ್ದ ಬ್ಯಾಂಡ್ ಇದೇ. ಮೂವರು ಹೆಂಗಸರು, ಅವರ ಕೊರಳು, ಅವರ ವಾದ್ಯ, ಅವರದೇ ಆದ ಕಥಾಭಂಡಾರ; ಅರ್ಧಶತಮಾನಕ್ಕೂ ಮಿಕ್ಕ ಕಾಲ ಒಡೆಯದೆ ನಡೆದ ಮೇಳ. ಆಕ್ಸ್‌ಫರ್ಡಿನ ಐವರೂ ಬಹುಕಾಲ ಒಡೆಯದೆ ಉಳಿದುದನ್ನು ದೊಡ್ಡ ಸಂಗತಿಯೆಂದು ಜನ ಕೊಂಡಾಡುವುದನ್ನು ಕೇಳಿದಾಗ ನನಗೆ ಈ ಮೂವರ ನೆನಪಾಗುತ್ತದೆ.

ಬುರ್ರಕಥೆಯ ರಚನೆಯನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಬುರ್ರ ಎಂಬ ತೆಲುಗು ಮಾತಿಗೆ ಬುರುಡೆಯೆಂದು ಅರ್ಥ. ವಾದ್ಯದ ಬುರುಡೆಯಾಕಾರದಿಂದಲೇ ಕಲೆಗೆ ಆ ಹೆಸರು ಬಂದಿತೆನ್ನುವರು. ಕತೆ ನಡೆಸುವವರು ನಡುವೆ ನಿಲ್ಲುವರು. ಎಡಬಲಗಳಲ್ಲಿ ಇಬ್ಬರು, ಚರ್ಮವಾದ್ಯವನ್ನು ಬಾರಿಸುತ್ತ, ಸೊಲ್ಲಿನ ಕೊನೆಯನ್ನು ಎತ್ತಿಹಿಡಿಯುತ್ತ, ಕತೆ ಬಿಗಿಯಾದಲ್ಲಿ ಹೂಂಗುಟ್ಟುತ್ತ, ಸಡಿಲವಾದಲ್ಲಿ ಪ್ರಶ್ನೆ ಹಾಕುತ್ತ, ನಗಿಸುತ್ತ ನಿಲ್ಲುವರು. ಆದುದರಿಂದ ಹಿಮ್ಮೇಳದವರು ಅಲ್ಲಿ ಕೇವಲ ಹಿಂದಿರುವವರಲ್ಲ. ಅವರಿಲ್ಲದೆ ಕತೆ ಮುಂದಕ್ಕೆ ಹೆಜ್ಜೆಯಿಡದು. ಈ ಕಲೆ ತೆಲುಗು ನಾಡಿನಲ್ಲಿ 1940ರ ದಶಕದಲ್ಲಿ ಶೇಖ್ ನಾಜರ್ ಮೊದಲಾದವರ ಕೈಯಲ್ಲಿ ರೈತರ ಹೋರಾಟದ ಅಸ್ತ್ರವಾಗಿ, ಮದರಾಸು ಪ್ರಾಂತದ ಬ್ರಿಟಿಷ್ ಸರ್ಕಾರವೂ ನಿಜಾಮನ ಸರ್ಕಾರವೂ ಅದನ್ನು ನಿಷೇಧಿಸುವಷ್ಟು ಬಲಿಷ್ಠವಾಗಿತ್ತು. ನಮ್ಮ ಬಳ್ಳಾರಿ ಜಿಲ್ಲೆಯು ಆಗ ಅದೇ ಪ್ರಾಂತಕ್ಕೆ ಸೇರಿದ್ದು, 1953ರ ಅಕ್ಟೋಬರಿನಲ್ಲಿ ಮೈಸೂರಿಗೆ ಬಂದಿತು. ರಾಜ್ಯದ ಗೆರೆ ಎಳೆಯುವವರು ಎಳೆದರು. ಈರಮ್ಮನವರ ಮೇಳದಲ್ಲಿ ಆ ಗೆರೆ ಎಂದೂ ಇರಲಿಲ್ಲ. 1942ರಲ್ಲಿ ತೆಲುಗಿನಲ್ಲಿ ಚಲಚ್ಚಿತ್ರವೂ ಆದ ಬಾಲನಾಗಮ್ಮನ ಕತೆಯನ್ನು ಅವರು ಕನ್ನಡದಲ್ಲಿ ಹಾಡಿದರು. ಬಬ್ಬುಲಿ ನಾಗಿರೆಡ್ಡಿಯನ್ನು ಹಾಡಿದರು. ಜೈಸಿಂಗರಾಜನ ಕಾವ್ಯವನ್ನು ಹಾಡಿದರು. ಹೀಗೆ ಹನ್ನೆರಡು ಜನಪದ ಮಹಾಕಾವ್ಯಗಳು ಆಕೆಯ ನೆನಪಿನಲ್ಲಿದ್ದವೆಂದೂ, ಬರೆದಿಳಿಸಿದರೆ ಅವು ಏಳು ಸಾವಿರ ಪುಟಗಳಷ್ಟಾಗುವವೆಂದೂ ಬಲ್ಲವರು ಲೆಕ್ಕ ಹಾಕಿದ್ದಾರೆ.

ಅವುಗಳಲ್ಲಿ ಕುಮಾರರಾಮನ ಕಾವ್ಯವನ್ನು ಕುರಿತು ನಾನು ಸ್ವಲ್ಪ ನಿಂತು ಹೇಳಲೇಬೇಕು. ಏಕೆಂದರೆ ಅದು ಸಂಪೂರ್ಣವಾಗಿ ನಮ್ಮ ನೆಲದ ಕತೆ. ವಿಜಯನಗರಕ್ಕೂ ಮುಂಚೆ ಕಂಪ್ಲಿಯನ್ನು ನೆಲೆಯಾಗಿಟ್ಟುಕೊಂಡು ಆಳಿದ ಕಂಪಿಲರಾಯನ ಮಗನಾದ ಕುಮಾರರಾಮನು, ಸಂಡೂರಿನ ಬೆಟ್ಟಸಾಲಿನ ಹೊಸಮಲೆದುರ್ಗಕ್ಕೂ ನದಿಯಾಚೆಗಿನ ಕುಮ್ಮಟದುರ್ಗಕ್ಕೂ ಸೇರಿದವನು. ಮಲತಾಯಿ ರತ್ನಾಜಿಯ ಮೋಹಕ್ಕೆ ಬಾಗದೆ ಪರನಾರೀಸಹೋದರನೆಂದು ಬಿರುದಾದವನು. ದೆಹಲಿಯ ವಿರುದ್ಧ ಬಂಡೆದ್ದು ಓಡಿ ಬಂದವನಿಗೆ ತಂದೆಯು ಆಶ್ರಯ ಕೊಟ್ಟ ಕಾರಣದಿಂದ ಮಹಮದ್ ಬಿನ್ ತುಘಲಕನ ಸೈನ್ಯವನ್ನೆದುರಿಸಿ ಮಡಿದವನು. 1327ರಲ್ಲಿ ಆ ಪುಟ್ಟ ರಾಜ್ಯ ಅಳಿಯಿತು. ನಂಜುಂಡ ಕವಿ ಪ್ರಭೃತಿಗಳು ಅವನನ್ನು ಸಾಂಗತ್ಯದಲ್ಲಿ ಕೀರ್ತಿಸಿದರು. ಆದರೆ ಓದಬಲ್ಲವರ ಸಂಖ್ಯೆ ನಮ್ಮ ಹಳ್ಳಿಗಳಲ್ಲಿ ಎಷ್ಟಿತ್ತು? ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಸಂಡೂರಿನ ಗಣಿಯಲ್ಲಿ ಅದಿರು ಹೊರುವವನಿಗೂ ಕುಮಾರರಾಮನನ್ನು ಮುಟ್ಟಿಸಿದವರು ಬುರ್ರಕಥೆಯವರೇ. ಏಳು ಶತಮಾನಗಳ ಹಿಂದಿನ ಸೋಲೊಂದನ್ನು ಸೋತ ಊರಿನ ಮಕ್ಕಳಿಗೆ ಅವರದೇ ಮಾತಿನಲ್ಲಿ, ರಾತ್ರಿಯೆಲ್ಲ ಎಚ್ಚರವಿರುವಂತೆ ಹೇಳುವುದು ಎಷ್ಟು ದೊಡ್ಡ ವಿದ್ಯೆಯೆಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ.

ರಾಜ್ಯವು ಈರಮ್ಮನವರನ್ನು ಮರೆಯಿತೆಂದು ಹೇಳಿದರೆ ಅನ್ಯಾಯವಾದೀತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು; ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತು ಅಕ್ಷರವರಿಯದ ಆ ತಾಯಿಯನ್ನು ವಿದ್ವಾಂಸರ ಸಾಲಿನಲ್ಲಿ ಕೂರಿಸಿತು; ಆಕೆಯ ಬಾಯಿಂದ ಕೇಳಿ ಬರೆದುಕೊಂಡ ಕಾವ್ಯಗಳು ಗ್ರಂಥರೂಪಕ್ಕೂ ಬಂದವು. 1991ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯ ನಮ್ಮ ಸೀಮೆಗೆ ಮಾಡಿದ ಉಪಕಾರಗಳಲ್ಲಿ ಇದನ್ನು ನಾನು ಬಹಳ ಮೇಲೆ ಎಣಿಸುತ್ತೇನೆ. 2014ರ ಆಗಸ್ಟ್ 12ರಂದು ಈರಮ್ಮನವರು ತೀರಿಕೊಂಡರು. ಅಕಾಡೆಮಿಗಳೂ ಪಂಡಿತರೂ ತಮ್ಮ ಕರ್ತವ್ಯವನ್ನು ಮಾಡಿದರು. ಮಾಡದೆ ಉಳಿದವರು ನಾವು, ಈ ಸೀಮೆಯ ಸಾಮಾನ್ಯ ಕೇಳುಗರು. ನಮ್ಮ ಮನೆಯ ಮಕ್ಕಳಿಗೆ ರೇಡಿಯೋಹೆಡ್ಡಿನ ಐವರ ಹೆಸರುಗಳು ಬಾಯಿಪಾಠವಾಗಿರುವುದರಲ್ಲಿ ತಪ್ಪಿಲ್ಲ. ದರೋಜಿಯ ಮೂವರ ಹೆಸರುಗಳು ಅವರಿಗೆ ತಿಳಿಯದಿರುವುದು ನಮ್ಮ ತಪ್ಪು. ಬುರ್ರಕಥೆಯಲ್ಲಿ ಹಾಡುವವಳ ಅಂಕಿತವಿಲ್ಲ. ದಾಸರೂ ಶರೀಫರೂ ತಮ್ಮ ಋಣಪತ್ರವನ್ನು ಹಾಡಿನೊಳಗೇ ಬರೆದಿಟ್ಟು ಹೋದರು. ಈರಮ್ಮನವರಂತಹವರು ಕಾವ್ಯವನ್ನು ಮಾತ್ರ ಕೊಟ್ಟು, ತಮ್ಮ ಹೆಸರನ್ನು ಕೇಳುಗರ ನೆನಪಿಗೆ ಬಿಟ್ಟರು. ಆ ನೆನಪನ್ನು ಮಕ್ಕಳಿಗೆ ದಾಟಿಸಬೇಕಾದವರು ನಾವೇ ಆಗಿದ್ದೆವು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಗಿಟಾರಿನವರ ಕೈಗೆ ಜನಪದವನ್ನು ಕೊಟ್ಟರೆ ಅದು ಕೆಟ್ಟುಹೋಗುವುದೆಂದು ಹಿರಿಯರನೇಕರು ಹೇಳುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಶರೀಫರ ಪದ ಗ್ಲಾಸ್ಟನ್‌ಬರಿಗೆ ಹೋಗಿ ಬಂದುದರಿಂದ ಶಿಶುನಾಳದ ಗದ್ದುಗೆಗೆ ಮುಕ್ಕಾಗಲಿಲ್ಲ. ನಮ್ಮ ಕಾಲೊನಿಯ ಹುಡುಗರಲ್ಲಿ ಕೆಲವರು ಶರೀಫರನ್ನು ಮೊದಲು ಕೇಳಿದ್ದೇ ಆ ಗಿಟಾರಿನ ಮೂಲಕ. ತೆಲುಗಿನಿಂದ ಕನ್ನಡಕ್ಕೆ, ಹೋರಾಟದ ವೇದಿಕೆಯಿಂದ ಗುಡಿಕಟ್ಟೆಗೆ ನಡೆದಾಡಿದ ಬುರ್ರಕಥೆ ಹೊಸ ವಾದ್ಯಕ್ಕೆ ಹೆದರುವಷ್ಟು ದುರ್ಬಲವಾದ ಕಲೆಯಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಬಡ ಅಲೆಮಾರಿಗಳ ಸೊತ್ತನ್ನು ಪಟ್ಟಣದ ಅನುಕೂಲಸ್ಥ ಮಕ್ಕಳು ಎತ್ತಿಕೊಂಡು ಹೋಗಿ ಹೆಸರೂ ಹಣವೂ ಮಾಡಿಕೊಂಡರೆ ಅದು ಸುಲಿಗೆಯೇ ತಾನೆ? ಹೌದು, ಸುಲಿಗೆಯೇ. ಈ ಮಾತಿಗೆ ನಾನು ತಲೆಬಾಗುತ್ತೇನೆ. ಅಂತಹ ಸುಲಿಗೆ ಎಷ್ಟೋ ಜನಪದ ಗೀತೆಗಳ ಮೇಲೆ ಸಿನಿಮಾದಲ್ಲಿಯೂ ಕ್ಯಾಸೆಟ್ಟುಗಳಲ್ಲಿಯೂ ನಡೆದುಹೋಗಿದೆ. ಹಾಡಿಕೊಟ್ಟವಳ ಹೆಸರಿರಬೇಕಾದಲ್ಲಿ ‘ಜನಪದ’ ಎಂಬ ಒಂದು ಮಾತನ್ನು ಅಚ್ಚು ಹಾಕಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿಯೇ ಆಗಿದೆ. ಈ ರೂಢಿಯನ್ನು ಮುರಿಯುವ ದಾರಿ ಹಾಡದಿರುವುದರಲ್ಲಿ ಇಲ್ಲ. ಹ್ಯಾಮಂಡ್, ಹೇಜಲ್‌ವುಡ್ ಇಬ್ಬರಿಗೂ ಆದಂತೆ ಹೆಸರೂ ಪಾಲೂ ಎರಡೂ ಸಲ್ಲಬೇಕು. ಜೋಧಪುರದ ಗಾಯಕರಿಗೆ ಆದಂತೆ ಮುಖಪುಟದಲ್ಲಿ ಸ್ಥಾನವಿರಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಲು ದರೋಜಿಯ ಅಲೆಮಾರಿಗಳಿಗೆ ಶಕ್ತಿಯಿಲ್ಲವೆಂಬ ಕಾರಣಕ್ಕೇ ಇದನ್ನು ಕೇಳುವ ಮೊದಲೇ ಕೊಡತಕ್ಕದ್ದು.

ಹೀಗಿರುವುದರಿಂದ ಹಂಪಿ ಉತ್ಸವವನ್ನು ನಡೆಸುವವರಿಗೆ ನನ್ನದೊಂದು ಬಿನ್ನಹ. ಎಂ.ಪಿ. ಪ್ರಕಾಶರಂತಹ ಸಂಸ್ಕೃತಿಪ್ರೇಮಿಗಳ ಆಸಕ್ತಿಯಿಂದ ಬೆಳೆದ ಈ ಉತ್ಸವದಲ್ಲಿ ಹೊರಗಿನ ಪ್ರಸಿದ್ಧ ಗಾಯಕರಿಗೆ ಮುಖ್ಯ ವೇದಿಕೆ, ರಾತ್ರಿಯ ಒಳ್ಳೆಯ ಹೊತ್ತು, ದೊಡ್ಡ ಬೆಳಕು. ಸೀಮೆಯ ಕಲಾವಿದರಿಗೆ ಬಿಸಿಲಿಳಿಯದ ಹೊತ್ತಿನ ಮೆರವಣಿಗೆಯೂ ಬದಿಯ ವೇದಿಕೆಯೂ ಎಂಬ ಹಂಚಿಕೆ ನೋಡುವವನ ಮನಸ್ಸಿಗೆ ನೋವುಂಟುಮಾಡುತ್ತದೆ. ಪ್ರತಿ ವರ್ಷವೂ ಒಂದು ರಾತ್ರಿ, ಮುಖ್ಯ ವೇದಿಕೆಯಲ್ಲಿಯೇ, ಬುರ್ರಕಥೆಯ ಒಂದು ಮೇಳವೂ ಹೊಸ ಕಾಲದ ಒಂದು ವಾದ್ಯಮೇಳವೂ ಒಟ್ಟಿಗೆ ಕುಳಿತು ಕುಮಾರರಾಮನನ್ನು ಹಾಡಲಿ. ಅದಕ್ಕಾಗಿ ಕೆಲವು ವಾರ ಮುಂಚೆಯೇ ಆ ಯುವಕರು ಮೇಳದವರ ಊರಿಗೆ ಹೋಗಿ ಕುಳಿತು ಕೇಳಿ ಕಲಿಯುವ ಏರ್ಪಾಡಾಗಲಿ. ಇಬ್ಬರಿಗೂ ಸಮನಾದ ಸಂಭಾವನೆಯಿರಲಿ. ಕರಪತ್ರದಲ್ಲಿ ಇಬ್ಬರ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿರಲಿ. ವಿಜಯನಗರ, ಬಳ್ಳಾರಿ ಜಿಲ್ಲೆಗಳು 2021ರಲ್ಲಿ ಬೇರೆಯಾದ ಮೇಲೆ ದರೋಜಿ ಬಳ್ಳಾರಿಯಲ್ಲಿ ಉಳಿಯಿತು, ಹಂಪಿ ವಿಜಯನಗರಕ್ಕೆ ಬಂದಿತು. ಈ ಕಾರಣವನ್ನು ಮುಂದೊಡ್ಡಿ ಯಾರೂ ಹಿಂಜರಿಯಬಾರದು. ಕಂಪಿಲರಾಯನ ರಾಜ್ಯದಲ್ಲಿ ಇವೆರಡೂ ಒಂದೇ ಆಗಿದ್ದವು.

ಇನ್ನು ಅಂದು ಸಂಜೆ ನನ್ನ ಬಳಿ ಬಂದು ಕುಳಿತ ಹುಡುಗನಿಗೂ ಅವನ ಮೂವರು ಗೆಳೆಯರಿಗೂ ಒಂದು ಮಾತು. ಮಕ್ಕಳೇ, ಕ್ರೀಪನ್ನು ಬಿಡಬೇಡಿ, ಚೆನ್ನಾಗಿಯೇ ನುಡಿಸುತ್ತೀರಿ. ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ದರೋಜಿಯ ಬಸ್ಸು ಹತ್ತಿ. ಗಿಟಾರನ್ನು ಮನೆಯಲ್ಲೇ ಬಿಟ್ಟು ಹೋಗಿ. ಬುಡ್ಗ ಜಂಗಮರ ಹಿರಿಯರು ಯಾರಾದರೂ ಕತೆ ಹೇಳಲು ಒಪ್ಪಿದರೆ ಕೊನೆಯವರೆಗೂ ಕುಳಿತು ಕೇಳಿ. ಅವರ ಒಪ್ಪಿಗೆಯಿಲ್ಲದೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಡಿ. ಎಂದಾದರೂ ಆ ಕತೆಯ ಒಂದು ತುಣುಕನ್ನು ನಿಮ್ಮ ಮೇಳದಲ್ಲಿ ಹಾಡುವ ದಿನ ಬಂದರೆ, ಮೊದಲ ತಂತಿಯನ್ನು ಮೀಟುವುದಕ್ಕೆ ಮುಂಚೆ ದರೋಜಿ ಈರಮ್ಮ, ಶಿವಮ್ಮ, ಪಾರ್ವತಮ್ಮ ಎಂದು ಮೂರು ಹೆಸರುಗಳನ್ನೂ ಎಲ್ಲರಿಗೂ ಕೇಳಿಸುವಂತೆ ಹೇಳಿ.